ಗೋಳಗುಮ್ಮಟದ ಊರಲ್ಲಿ ಹದಿನೈದು ದಿನ

ಮೈಸೂರಿನಿಂದ ವಿಜಯಪುರಕ್ಕೆ ಬಂದು ಇವತ್ತಿಗೆ ಹದಿನೈದು ದಿನ. ಮೇ ತಿಂಗಳಲ್ಲಿ ಅಲ್ಲಿಗ್ಯಾಕೆ ಅಂತ ನಕ್ಕವರೇ ಜಾಸ್ತಿ. ಅವರ ಮಾತು ಸುಳ್ಳೇನಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ.

ಆದರೆ ಚಿಕ್ಕಮ್ಮನ ಮನೆ ಇರುವ ಗಲ್ಲಿ ಮಲಗುವುದು ಆ ಹೊತ್ತಲ್ಲಿ ಮಾತ್ರ. ಬೆಳಗ್ಗೆ ಐದೂವರೆಗೇ ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು. ಆಮೇಲೆ ತರಕಾರಿ ಗಾಡಿ, ಮಕ್ಕಳ ಕ್ರಿಕೆಟ್. ಸಂಜೆ ಗಾಂಧಿ ಚೌಕದ ಕಡೆ ಹೋದರೆ ಗಿರ್ಮಿಟ್, ಮಿರ್ಚಿ ಭಜಿ. ರಾತ್ರಿ ಹಾಸಿಗೆ ಸಮೇತ ಎಲ್ಲರೂ ಮಾಳಿಗೆ ಮೇಲೆ. ಅಲ್ಲಿ ಶುರುವಾಗುವ ಮಾತು ನಾಲ್ಕು ಮನೆ ದಾಟುತ್ತದೆ.

ನಿನ್ನೆ ಬೆಳಗ್ಗೆ ಬೇಗ ಎದ್ದು ಗೋಳಗುಮ್ಮಟ ಹತ್ತಿದೆ. 1656ರಲ್ಲಿ ಮುಗಿದ ಕಟ್ಟಡ. ಈ ತುದಿಯ ಪಿಸುಮಾತು ಆ ತುದಿಗೆ ಕೇಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಪಿಸುಗುಡುವವರು ಯಾರು? ಎಲ್ಲರೂ ಕೂಗುವವರೇ! ಸುಮ್ನೆ ನಿಂತು ನಕ್ಕು ಬಂದೆ. ನಮ್ಮ ಗಲ್ಲಿಯ ಮಾಳಿಗೆಗಳೇ ವಾಸಿ. ಅಲ್ಲಿ ಗುಟ್ಟಾಗಿ ಹೇಳಿದ್ದೂ ಬೆಳಗಾಗುವುದರೊಳಗೆ ಮೂಲೆ ಅಂಗಡಿ ತಲುಪಿರುತ್ತದೆ, ಅಲ್ವಾ?

ವಾಪಸ್ ಬರುವಾಗ ಎದುರು ಮನೆಯ ಅಜ್ಜಿ ತಡೆದರು. "ಬಿಸಲಾಗ ಎಲ್ಲಿ ಅಡ್ಡಾಡ್ತೀಯವ್ವಾ? ಮಜ್ಜಿಗಿ ಕುಡದು ಹೋಗು." ನನ್ನ ಹೆಸರು ಅವರಿಗೆ ಇನ್ನೂ ಗೊತ್ತಿಲ್ಲ. ಶನಿವಾರದ ರೈಲಿಗೆ ನಾನು ಹೊರಡುವುದು ಮಾತ್ರ ಗೊತ್ತಿದೆ. ದಾರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡುತ್ತಾರಂತೆ.