ಆ ಪುಟ್ಟ ಪಕ್ಕೆಲುಬುಗಳು

ನಾನು ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದಾಗ ಪೊಲೀಸರು ಒಂದು ಮಗುವಿನ ಮೂಳೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಸೀಲ್ ಹಾಕಿ ತಂದರು. ದೊಡ್ಡವರ ಮೂಳೆ ಎಷ್ಟೋ ನೋಡಿದ್ದೆ. ಈ ಗಂಟು ಬಿಚ್ಚುವಾಗ ಮಾತ್ರ ಕೈ ತಡವರಿಸಿತು.

ಮೊದಲು ವಯಸ್ಸು. ಹಾಲುಹಲ್ಲು ಎಲ್ಲಾ ಬಂದಿದ್ದವು. ಮೊದಲ ಶಾಶ್ವತ ದವಡೆಹಲ್ಲು ಎಕ್ಸ್‌ರೇಯಲ್ಲಿ ಇನ್ನೂ ಬೇರು ಮೂಡದೆ ಒಳಗೇ ಕಾಣುತ್ತಿತ್ತು. ಮೂರು ವರ್ಷದ ಆಸುಪಾಸು. ಗಂಡೋ ಹೆಣ್ಣೋ ಅಂತ ಇಷ್ಟು ಚಿಕ್ಕ ಮೂಳೆ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೆ ಡಿಎನ್‌ಎ ಬೇಕು.

ತೊಡೆ ಮೂಳೆ ಮುರಿದಿತ್ತು, ಪಿಎಸ್‌ಐ ಅದನ್ನೇ ತೋರಿಸಿದರು. ಆದರೆ ಮೂಳೆಯೆಲ್ಲಾ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೂ ಮುರಿದ ಜಾಗ ಬೆಳ್ಳಗಿತ್ತು, ಅಂದರೆ ಅಗೆಯುವಾಗ ಗುದ್ದಲಿ ತಾಗಿ ಆದದ್ದು. ನಮ್ಮ ಸರ್ ಪಕ್ಕೆಲುಬುಗಳನ್ನು ಸಾಲಾಗಿ ಜೋಡಿಸಿ, "ಬೆನ್ನಿನ ಕಡೆ ಬೆರಳಾಡಿಸಿ ನೋಡಮ್ಮ" ಅಂದರು. ಕಬ್ಬಿನ ಗಿಣ್ಣಿನ ಹಾಗೆ ಒಂದು ಉಬ್ಬು ಸಿಕ್ಕಿತು. ಪಕ್ಕದ ಎಲುಬಿನಲ್ಲೂ ಇತ್ತು, ಅದರಾಚೆಯದರಲ್ಲೂ ಇತ್ತು.

"ರಿಕೆಟ್ಸ್ ಇರಬಹುದಲ್ವಾ ಸರ್?"

ರಿಕೆಟ್ಸ್ ಅಂದರೆ ಹೆಚ್ಚಾಗಿ ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ. ಅದರಲ್ಲಿ ಉಬ್ಬು ಬರುವುದು ಎದೆಯ ಮುಂಭಾಗದಲ್ಲಿ, ಪಕ್ಕೆಲುಬು ಮೃದ್ವಸ್ಥಿಗೆ ಸೇರುವಲ್ಲಿ. ಇವು ಬೆನ್ನುಮೂಳೆಯ ಪಕ್ಕದಲ್ಲೇ ಇದ್ದವು. ಪುಟ್ಟ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಹಿಸುಕಿದರೆ ಪಕ್ಕೆಲುಬು ಬೆನ್ನುಮೂಳೆಗೆ ಒತ್ತಿಕೊಂಡು ಅಲ್ಲೇ ಮುರಿಯುತ್ತದೆ. ಸುಮ್ನೆ ಆಟ ಆಡುತ್ತಾ ಬಿದ್ದರೆ ಅಲ್ಲಿ ಮುರಿಯುವುದು ತೀರಾ ಅಪರೂಪ. ಮುರಿದ ಮೂಳೆ ಕೂಡಿಕೊಳ್ಳುವಾಗ ಬರುವ ಉಬ್ಬುಗಳಿವು. ಒಂದು ಪೂರ್ತಿ ನುಣುಪಾಗಿತ್ತು, ಅಂದರೆ ಹಳೆಯದು. ಇನ್ನೊಂದರ ಮೇಲೆ ಒರಟಾದ ಹೊಸ ಮೂಳೆ, ಅಂದರೆ ಇನ್ನೂ ಕೂಡುತ್ತಿದ್ದದ್ದು. ಒಂದೇ ದಿನ ಆದ ಗಾಯಗಳಲ್ಲ ಇವು.

ನನಗೆ ತಡೆಯಲಾಗದೆ ಹೋದದ್ದು ಇಲ್ಲೇ. ಮೂಳೆ ಕೂಡಬೇಕಾದರೆ ಮಗು ಬದುಕಿರಬೇಕು, ವಾರಗಟ್ಟಲೆ, ಪ್ರತಿ ಉಸಿರಿಗೂ ನೋಯುತ್ತಾ. ಅಷ್ಟು ದಿನದಲ್ಲಿ ಯಾರಾದರೂ ಒಂದು ಎಕ್ಸ್‌ರೇ ತೆಗೆಸಿದ್ದರೆ! ಇದೇನು ಹೊಸ ವಿದ್ಯೆಯಲ್ಲ. ಮೆದುಳಿನ ಸುತ್ತ ರಕ್ತಸ್ರಾವ ಆಗಿದ್ದ ಆರು ಕೂಸುಗಳ ಕೈಕಾಲಿನ ಮೂಳೆಗಳೂ ಮುರಿದಿದ್ದನ್ನು ಅಮೆರಿಕದ ಮಕ್ಕಳ ಎಕ್ಸ್‌ರೇ ತಜ್ಞ ಜಾನ್ ಕೇಫಿ 1946ರಲ್ಲೇ ಬರೆದಿದ್ದರು. ಮಕ್ಕಳಿಗೆ ಹೀಗೆ ಹೊಡೆತ ಬೀಳುತ್ತದೆ ಅಂತ ಅಲ್ಲಿಯದೇ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಜೊತೆಯವರು 1962ರಲ್ಲಿ ನೇರವಾಗಿ ಹೇಳಿದರು.

"ಹೊಡೆದು ಸಾಯಿಸಿದ್ದಾರೆ ಅಂತ ಬರೆದುಕೊಡಿ ಮೇಡಂ" ಅಂದರು ಪಿಎಸ್‌ಐ. ಅವರ ಸಿಟ್ಟು ನನ್ನದೂ ಆಗಿತ್ತು. ಆದರೂ ಬೇರೆ ಬೇರೆ ಸಮಯದಲ್ಲಿ ಬಲಪ್ರಯೋಗ ಆಗಿರುವ ಗುರುತುಗಳಿವೆ, ಸಾವಿನ ಕಾರಣ ಈ ಮೂಳೆಗಳಿಂದ ಹೇಳಲಾಗದು ಅಂತಲೇ ರಿಪೋರ್ಟ್ ಹೋಯಿತು. ಜಾಸ್ತಿ ಬರೆದಿದ್ದರೆ ಕೋರ್ಟಿನಲ್ಲಿ ಆ ಮಗುವಿನ ಪರ ಇದ್ದ ಒಂದೇ ಸಾಕ್ಷಿ ಬಿದ್ದುಹೋಗುತ್ತಿತ್ತು.

ಈಗ ಕ್ಯಾಶುಯಲ್ಟಿಯ ಜೂನಿಯರ್‌ಗಳಿಗೆ ಹೇಳುತ್ತಿರುತ್ತೇನೆ. ಎರಡು ವರ್ಷದೊಳಗಿನ ಮಗುವಿನ ಮುರಿತಕ್ಕೂ ಮನೆಯವರು ಹೇಳುವ ಕಥೆಗೂ ತಾಳೆಯಾಗದಿದ್ದರೆ ಇಡೀ ಮೈಯ ಎಕ್ಸ್‌ರೇ ತೆಗೆಸಿ. ಎರಡು ವಾರ ಬಿಟ್ಟು ಮತ್ತೆ ತೆಗೆಸಿ, ಪಕ್ಕೆಲುಬಿನ ಹೊಸ ಮುರಿತ ಎಷ್ಟೋ ಸಲ ಮೊದಲ ಸಲ ಕಾಣುವುದೇ ಇಲ್ಲ.