ಹೊಡಿಯೋ ಅಂದರು ಮಾವ

ಒಂಬತ್ತು ವರ್ಷದಲ್ಲಿ ನಮ್ಮ ಮಾವ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಒಂದೇ ದಿನ. ಕಳೆದ ಶನಿವಾರ, ಮಧ್ಯಾಹ್ನ ಒಂದೂವರೆ ಹೊತ್ತಿಗೆ, ನಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲಿ. "ಹೊಡಿಯೋ! ಜೋರಾಗಿ ಹೊಡಿಯೋ! ಊಟ ಮಾಡಿಲ್ವಾ?"

ನಾನು ಹೊಡೆದೆ. ಇವತ್ತು ಬುಧವಾರ. ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದರೂ ಆ "ಹೊಡಿಯೋ" ಕಿವಿಯಲ್ಲೇ ಇದೆ.

ಎಲ್ಲ ಶುರುವಾಗಿದ್ದು ನನ್ನ ಟ್ರಕ್‌ನಿಂದ. ಇಲ್ಲಿ ಅಮೆರಿಕದಲ್ಲಿ ಟ್ರಕ್ ಅಂದರೆ ಪಿಕಪ್. ಮಾವ ಮಾತ್ರ ರಾಲೀ ಏರ್‌ಪೋರ್ಟಿನಲ್ಲಿ ಇಳಿದವರೇ "ಲಾರಿ ತಗೊಂಡಿದೀರಂತೆ?" ಅಂತ ಕೇಳಿದ್ದರು. 2017ರ ಟೊಯೋಟಾ ಟ್ಯಾಕೋಮಾ, ಸೆಕೆಂಡ್ ಹ್ಯಾಂಡ್. ಓಹಾಯೋ ಕಡೆಯಿಂದ ಬಂದದ್ದು. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಾಗಾಗಿ ಮೇಲೆ ಫಳಫಳ, ಕೆಳಗೆ ಬಗ್ಗಿ ನೋಡಿದರೆ ತುಕ್ಕು. ಬಗ್ಗಿ ನೋಡದೆ ತಗೊಂಡವನು ನಾನು.

ಪಿಕಪ್‌ಗಳು ಫ್ಯಾಕ್ಟರಿಯಿಂದಲೇ ಮುಂದೆ ಸ್ವಲ್ಪ ತಗ್ಗಾಗಿ, ಹಿಂದೆ ಎತ್ತರವಾಗಿ ಬರುತ್ತವೆ. ಹಿಂದೆ ಸಾಮಾನು ಹೇರಿದಾಗ ಗಾಡಿ ಸಮ ಆಗಲಿ ಅಂತ. ಖಾಲಿ ಇದ್ದಾಗ ಮಾತ್ರ ಯಾರಿಗೋ ಬಗ್ಗಿ ನಮಸ್ಕಾರ ಮಾಡುತ್ತಿರುವ ಹಾಗೆ ಕಾಣುತ್ತದೆ. ನನ್ನದು ನೆಲದಿಂದ ಫೆಂಡರ್‌ವರೆಗೆ, ಅಂದರೆ ಚಕ್ರದ ಮೇಲಿನ ಕಮಾನಿನವರೆಗೆ, ಮುಂದೆ 34 ಇಂಚು, ಹಿಂದೆ 36 ಇತ್ತು. ಎರಡು ವರ್ಷದಿಂದ ಅದು ನನ್ನ ಕಣ್ಣು ಚುಚ್ಚುತ್ತಿತ್ತು. ಬೇರೆ ಯಾರ ಕಣ್ಣನ್ನೂ ಚುಚ್ಚುತ್ತಿರಲಿಲ್ಲ ಅನ್ನುವುದನ್ನು ಹೆಂಡತಿ ಆಗಾಗ ನೆನಪಿಸುತ್ತಿದ್ದಳು. ಮುಂದಿನ ಸಸ್ಪೆನ್ಷನ್ ಎತ್ತರಿಸುವ ಲೆವೆಲಿಂಗ್ ಕಿಟ್ ಮನೆಗೆ ಬಂದ ದಿನ ಅವಳದು ಇನ್ನೊಂದು ತಕರಾರು: "ಮುಂದೆ ಎತ್ತರ ಮಾಡಿದ್ರೆ ಇಲ್ಲಿ ಪೊಲೀಸ್ ಹಿಡೀತಾರಂತೆ?" ನಾರ್ತ್ ಕ್ಯಾರೊಲಿನಾದಲ್ಲಿ ಹಾಗೊಂದು ಕಾನೂನು ಇರುವುದು ನಿಜ. ಹುಡುಗರು ಗಾಡಿಯ ಮೂತಿ ಆಕಾಶಕ್ಕೆ ಎತ್ತಿ, ಹಿಂಭಾಗ ನೆಲಕ್ಕೆ ಕೂರಿಸಿ ಓಡಿಸುತ್ತಿದ್ದರು. ಹಾಗೆ ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಜಾಸ್ತಿ ಎತ್ತರ ಮಾಡುವುದನ್ನು 2021ರ ಡಿಸೆಂಬರ್‌ನಿಂದ ನಿಲ್ಲಿಸಿದ್ದಾರೆ. ನನ್ನದು ಸಮ ಮಾಡುವುದಷ್ಟೇ. ಆದರೆ ಎರಡು ತಿಂಗಳ ಮಗುವನ್ನು ಎತ್ತಿಕೊಂಡು ನಿಂತ ಬಾಣಂತಿ ಹತ್ತಿರ ಫೆಂಡರ್ ಎತ್ತರದ ಬಗ್ಗೆ ವಾದ ಮಾಡುವವನು ಮೂರ್ಖ. ಹತ್ತು ನಿಮಿಷ ಮಾಡಿದೆ.

ಗ್ಯಾರೇಜಿನವರು ಬರೀ ಕೂಲಿಗೇ ನಾನೂರು ಡಾಲರ್ ಕೇಳಿದ್ದರು. ವಿಡಿಯೋದಲ್ಲಿ ಒಬ್ಬ ಅದನ್ನು ಮೂರು ಗಂಟೆಯಲ್ಲಿ ಮುಗಿಸಿ, ಕೈ ಒರೆಸಿಕೊಂಡು ನಗುತ್ತಿದ್ದ. ವಿಡಿಯೋದಲ್ಲಿ ಯಾರ ಗಾಡಿಗೂ ತುಕ್ಕು ಹಿಡಿದಿರುವುದಿಲ್ಲ. ಇದು ನನಗೆ ಆಮೇಲೆ ಹೊಳೆಯಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆ. ಮಾವ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡು, ಕಾಫಿ ಲೋಟ ಹಿಡಿದು ಕೂತರು. ಬಾಣಂತನಕ್ಕೆ ಅಂತ ಅತ್ತೆ ಬಂದಿದ್ದಾರೆ. ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮಾವನಿಗೆ ಮಾಡಲು ಏನೂ ಇಲ್ಲ. ಬೆಳಿಗ್ಗೆ ಎರಡು ರೌಂಡ್ ವಾಕಿಂಗ್, ಆಮೇಲೆ ಮೊಬೈಲಿನಲ್ಲಿ ಊರಿನ ನ್ಯೂಸ್, ಸಂಜೆ ಪೋಸ್ಟ್ ಬಾಕ್ಸಿನ ತನಕ ಹೋಗಿ ಬರುವುದು. ಆರು ವಾರದಿಂದ ಇದೇ. ನಾನಾಗಿ ಅವರನ್ನು ಯಾವ ಕೆಲಸಕ್ಕೂ ಕರೆದಿರಲಿಲ್ಲ. ಮಾವನಿಗೆ ಕೆಲಸ ಹೇಳುವುದು ಹೇಗೆ ಅಂತ ಸಂಕೋಚ.

ಕಿಟ್ ಬಿಚ್ಚಿದೆ. ಅಂಗೈ ಅಗಲದ ಎರಡು ಅಲ್ಯೂಮಿನಿಯಂ ಬಿಲ್ಲೆ, ಒಂದು ಇಂಚು ದಪ್ಪ. ಮುಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡೂ ಒಂದೇ ಸೆಟ್ ಆಗಿರುತ್ತವೆ. ಅದನ್ನು ಹೊರಗೆ ತೆಗೆದು, ತಲೆ ಮೇಲೆ ಈ ಬಿಲ್ಲೆ ಕೂರಿಸಿ, ಮತ್ತೆ ಒಳಗೆ ಹಾಕುವುದು. ಅಷ್ಟೇ.

"ಒಂದಿಂಚು ಹಾಕಿದ್ರೆ ಎಷ್ಟು ಎದ್ದೇಳುತ್ತೆ?" ಮಾವ ಕೇಳಿದರು.

"ಎರಡಿಂಚು, ಮಾವ." ಅಂದವನು ಯಾಕೆ ಅಂತ ವಿವರಿಸಲು ಕೂತೆ. ರಟ್ಟಿನ ಮೇಲೆ ಪೆನ್ನಿನಲ್ಲಿ ಚಿತ್ರ ಬರೆದೆ. ಇದು ಕಂಟ್ರೋಲ್ ಆರ್ಮ್, ಶಾಕ್ ಕೂರುವುದು ಇದರ ಮಧ್ಯದಲ್ಲಿ, ಚಕ್ರ ಇರುವುದು ತುದಿಯಲ್ಲಿ, ಹಾಗಾಗಿ ಮಧ್ಯದಲ್ಲಿ ಒಂದು ಇಂಚು ತಳ್ಳಿದರೆ ತುದಿಯಲ್ಲಿ... ಮಕ್ಕಳಿಗೆ ಪಾಠ ಮಾಡುವ ಧಾಟಿಯಲ್ಲಿ ಹೇಳುತ್ತಾ ಹೋದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ಹೂಂ. ಹಾರೆ ಹಾಕಿ ಮೀಟಿದಂಗೆ."

ಆಮೇಲೆ ಸ್ವಲ್ಪ ತಡೆದು, "ಹಿಂದೆ ಎತ್ತರ ಇಟ್ಟಿರೋದು ಲೋಡಿಗಲ್ವಾ? ನೀವೇನು ಹೇರ್ತೀರ ಇದರಲ್ಲಿ?" ಅಂದರು.

ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎರಡು, ತಿಂಗಳಿಗೊಮ್ಮೆ. ಹೇಳಲು ಬಾಯಿ ಬರಲಿಲ್ಲ.

ಗಾಡಿಗೆ ಜಾಕಿ ಕೊಟ್ಟು, ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ ಪಕ್ಕಕ್ಕೆ ಒರಗಿಸಿದೆ. ಮಾವ ಎದ್ದು ಬಂದರು. ಏನೂ ಮಾತಾಡದೆ ಆ ಚಕ್ರವನ್ನು ಉರುಳಿಸಿಕೊಂಡು ಹೋಗಿ ಚಾಸಿ ಅಡಿಗೆ ಮಲಗಿಸಿ, ಹಿಂದಿನ ಎರಡು ಚಕ್ರಕ್ಕೂ ಮರದ ತುಂಡು ಕೊಟ್ಟು, ಮತ್ತೆ ಕುರ್ಚಿಗೆ ಹೋಗಿ ಕೂತರು. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ನಿಲ್ಲುತ್ತದೆ, ನನ್ನ ಎದೆ ಮೇಲಲ್ಲ. ವಿಡಿಯೋದವನು ಇದನ್ನು ಹೇಳಿರಲಿಲ್ಲ.

ಅಡ್ಡ ಬಾರಿನ ಬೋಲ್ಟು, ಬ್ರೇಕ್ ಹೋಸಿನ ಕ್ಲಿಪ್ಪು, ಎಬಿಎಸ್ ವೈರು, ಇವೆಲ್ಲ ಬಂದವು. ಮೇಲಿನ ಬಾಲ್ ಜಾಯಿಂಟ್, ಅಂದರೆ ಚಕ್ರದ ಭಾಗವನ್ನು ಮೇಲಿನ ಆರ್ಮಿಗೆ ಸೇರಿಸುವ ಕೀಲು, ಬರಲಿಲ್ಲ. ಅದರ ಕಡ್ಡಿ ಶಂಕುವಿನ ಹಾಗೆ ಚೂಪಾಗಿ ಹೋಗಿ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ನಟ್ ಬಿಚ್ಚಿದ ಮಾತ್ರಕ್ಕೆ ಬಿಡುವುದಿಲ್ಲ. ಮೇಲಿಂದ ಓಹಾಯೋದ ಏಳೆಂಟು ಚಳಿಗಾಲದ ಉಪ್ಪು ಬೇರೆ. ಎಣ್ಣೆ ಸ್ಪ್ರೇ ಮಾಡಿದೆ. ಕಾದೆ. ಸುತ್ತಿಗೆಯಲ್ಲಿ ಕಡ್ಡಿಯ ತುದಿಗೆ ಹೊಡೆದೆ. ಮತ್ತೆ ಎಣ್ಣೆ. ಹನ್ನೆರಡೂವರೆ ಆಯಿತು. ಅತ್ತೆ ಕಿಟಕಿಯಿಂದ "ಅಳಿಯಂದ್ರು ನೆಲದ ಮೇಲೆ ಬಿದ್ದಿದಾರೆ, ನೀವು ಕುರ್ಚಿ ಮೇಲೆ ಕೂತಿದೀರಲ್ಲ" ಅಂತ ಮಾವನನ್ನು ಗದರಿದರು.

"ಅದಕ್ಕೆ ಹೊಡೀಬೇಡಿ ಅಳಿಯಂದ್ರೆ," ಮಾವ ಹತ್ತಿರ ಬಂದರು. "ಥ್ರೆಡ್ ಹಾಳಾಗುತ್ತೆ. ಸ್ಪ್ಲಿಟ್ ಪಿನ್ ತೆಗೆದ್ರಲ್ಲ? ನಟ್ ವಾಪಸ್ ನಾಲ್ಕು ಸುತ್ತು ಹಾಕಿ. ಇಲ್ದಿದ್ರೆ ಬಿಟ್ಟಾಗ ಎಗರಿ ಮುಖಕ್ಕೆ ಬರುತ್ತೆ. ಕಡ್ಡಿಗಲ್ಲ, ಅದು ಕೂತಿರೋ ಕಣ್ಣಿಗೆ ಹೊಡೀಬೇಕು. ಪಕ್ಕದಿಂದ. ಇನ್ನೊಂದು ಸುತ್ತಿಗೆ ಇದೆಯಾ?"

ಇರಲಿಲ್ಲ. ಪಕ್ಕದ ಮನೆಗೆ ಹೋದೆ. ಸುತ್ತಿಗೆಯ ಜೊತೆ ಪಕ್ಕದ ಮನೆಯವನೂ ಬಂದ. ರಿಟೈರಾದ ಮನುಷ್ಯ. ಒಳ್ಳೆಯವನೇ, ಆದರೆ ಬಂದರೆ ಹೋಗುವವನಲ್ಲ. ನಮ್ಮ ಹುಲ್ಲು ಎಷ್ಟು ಇಂಚಿಗೆ ಕತ್ತರಿಸಬೇಕು ಅನ್ನುವುದರಿಂದ ಹಿಡಿದು ಎಲ್ಲದರ ಬಗ್ಗೆಯೂ ಅವನಿಗೊಂದು ಅಭಿಪ್ರಾಯ ಇದೆ. ಅವನ ಕೈಯಲ್ಲಿ ಕವಲೊಡೆದ ಒಂದು ಕಬ್ಬಿಣದ ಸಾಧನವಿತ್ತು, ಸಂದಿಗೆ ತೂರಿಸಿ ಹೊಡೆಯುವಂಥದ್ದು. ಮಾವ ಅದನ್ನು ನೋಡಿ, ಬಾಲ್ ಜಾಯಿಂಟಿನ ರಬ್ಬರ್ ಟೋಪಿಯನ್ನು ಬೆರಳಲ್ಲಿ ಮುಟ್ಟಿ, ಎರಡು ಕೈಯಲ್ಲಿ ಹರಿಯುವ ಸನ್ನೆ ಮಾಡಿದರು. ಅವನು ತಲೆ ಆಡಿಸಿದ. ಮೂರು ವರ್ಷದಲ್ಲಿ ಅವನು ಇನ್ನೊಬ್ಬರ ಮಾತು ಒಪ್ಪಿದ್ದು ನಾನು ಕಂಡಂತೆ ಅದೇ ಮೊದಲು, ಅದೂ ಮಾತೇ ಇಲ್ಲದ ಮಾತನ್ನು.

ಮಾವ ಪಂಚೆ ಎತ್ತಿ ಕಟ್ಟಿದರು. ಮೇಲೆ ನನ್ನ ಹಳೇ ಕಾಲೇಜ್ ಸ್ವೆಟ್‌ಶರ್ಟು. ಕುಕ್ಕರುಗಾಲಿನಲ್ಲಿ ಕೂತು ದೊಡ್ಡ ಸುತ್ತಿಗೆಯನ್ನು ಆ ಕಣ್ಣಿನ ಹಿಂದೆ ಒತ್ತಿ ಹಿಡಿದು, ಈ ಕಡೆಯಿಂದ ಹೊಡೆಯಲು ನನಗೆ ಹೇಳಿದರು. ಹಿಂದೆ ಗಟ್ಟಿಯಾಗಿ ಆನಿಕೆ ಇದ್ದರೆ ಏಟು ಅಲುಗಾಡಿ ವ್ಯರ್ಥವಾಗುವುದಿಲ್ಲ. ತೂತು ಒಂದು ಕ್ಷಣ ಅಮುಕಿಕೊಂಡು ಕಡ್ಡಿಯನ್ನು ಬಿಡುತ್ತದೆ.

"ಹೊಡೀರಿ."

ಹೊಡೆದೆ. ಅವರ ಬೆರಳು ಅಲ್ಲೇ ಇದೆಯಲ್ಲ ಅಂತ ಕೈ ಹಿಂಜರಿಯಿತು.

"ಜೋರಾಗಿ ಹೊಡೀರಿ ಅಳಿಯಂದ್ರೆ."

ಹೊಡೆದೆ. ಟಣ್ ಅಂತು.

"ಹೊಡಿಯೋ! ಜೋರಾಗಿ ಹೊಡಿಯೋ! ಊಟ ಮಾಡಿಲ್ವಾ?"

ಐದನೇ ಏಟಿಗೆ ಸದ್ದು ಬದಲಾಯಿತು. ಟಣ್ ಅಲ್ಲ, ಟಪ್. ಬೆಳಿಗ್ಗೆಯಿಂದ ಅಲ್ಲಾಡದಿದ್ದದ್ದು ಬೆಣ್ಣೆಯ ಹಾಗೆ ಕಳಚಿ ನಟ್ ಮೇಲೆ ಕೂತಿತು. ಪಕ್ಕದ ಮನೆಯವನು ಚಪ್ಪಾಳೆ ಹೊಡೆದ. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಕೈ ಚಾಚಿದ್ದರು. "ಹತ್ತೊಂಬತ್ತು ಕೊಡು."

ಕೊಟ್ಟೆ. ಕೆಳಗಿನ ದೊಡ್ಡ ಬೋಲ್ಟಿಗೆ ಹತ್ತೊಂಬತ್ತರ ಸ್ಪ್ಯಾನರೇ ಬೇಕಿತ್ತು. ಹೇಗೆ ಗೊತ್ತಾಯಿತೋ. "ಹದಿನಾಲ್ಕು ಕೊಡೋ." ಮೇಲಿನ ಮೂರು ನಟ್ಟಿಗೆ. "ಆ ಕಡೆ ಹಿಡ್ಕೋ. ಬಿಡಬೇಡ. ಬಿಡಬೇಡ ಅಂದ್ನಲ್ಲ!" ಮುಂದಿನ ಒಂದು ಗಂಟೆ ನಾನು ಹೆಲ್ಪರ್. ಅಷ್ಟು ಹಗುರವಾಗಿ ನಾನು ಎಷ್ಟೋ ದಿನದಿಂದ ಇರಲಿಲ್ಲ.

ಬೆಳಿಗ್ಗೆ ಜಾಕಿ ಕೊಡುವ ಮುಂಚೆಯೇ ಅವರು ಹಿಂದೆ ಹಿಂದೆ ನಡೆದು ರಸ್ತೆಯ ತನಕ ಹೋಗಿ, ಒಂದು ಕಣ್ಣು ಮುಚ್ಚಿ ಗಾಡಿಯ ಮೂತಿ ನೋಡಿದ್ದರು. "ಡ್ರೈವರ್ ಕಡೆ ಕಾಲಿಂಚು ಕಮ್ಮಿ ಇದೆ." ಟೇಪ್ ಹಿಡಿದೆ. ಸರಿಯಾಗಿ ಕಾಲಿಂಚು. ಪೆಟ್ರೋಲ್ ಟ್ಯಾಂಕ್ ಇರುವುದೂ, ಓಡಿಸುವವನು ಕೂರುವುದೂ ಆ ಕಡೆಯೇ. ಕಿಟ್‌ನಲ್ಲಿ ಅದಕ್ಕೆಂದೇ ಒಂದು ತೆಳು ಬಿಲ್ಲೆ ಇತ್ತು. ಪ್ಯಾಕಿಂಗ್ ಜೊತೆ ಅದನ್ನು ಕಸಕ್ಕೆ ಹಾಕಿದ್ದೆ. ಕಸದ ಡಬ್ಬಿಯಿಂದ ಹುಡುಕಿ ತಂದೆ. ಮೊದಲ ಕಡೆಗೆ ಐದೂವರೆ ಗಂಟೆ ಹಿಡಿದಿದ್ದ ಕೆಲಸ ಎರಡನೇ ಕಡೆ ಐವತ್ತು ನಿಮಿಷಕ್ಕೆ ಮುಗಿಯಿತು.

ಕೈ ತೊಳೆಯುವಾಗ ಮಾವ ಸೋಪಿಗೆ ಸಕ್ಕರೆ ಬೆರೆಸಿ ಉಜ್ಜಿಕೊಂಡರು. ನನ್ನ ಅಂಗೈಗೂ ಹಾಕಿದರು. "ಉಗುರಲ್ಲಿ ಕಪ್ಪು ಉಳೀಬಾರ್ದು. ಆಫೀಸಿಗೆ ಹೋಗೋರು ನೀವು." ಬಹುವಚನ ಅಲ್ಲಿಗೇ ವಾಪಸ್ ಬಂತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ತಡೆಯಲಾಗಲಿಲ್ಲ. "ಅಳಿಯಂದ್ರನ್ನ ಹೋಗೋ ಬಾರೋ ಅಂತಿದ್ರಲ್ಲ, ಬೀದಿಗೆಲ್ಲ ಕೇಳೋ ಹಂಗೆ." ಮಾವನ ಮುಖ ಚಿಕ್ಕದಾಯಿತು. "ಕೆಲಸದ ಭರದಲ್ಲಿ ಬಂದ್ಬಿಡ್ತು. ತಪ್ಪು ತಿಳ್ಕೋಬೇಡಿ ಅಳಿಯಂದ್ರೆ." ನಾನು "ಅಯ್ಯೋ ಬಿಡಿ ಮಾವ" ಅಂತ ಏನೋ ಅಂದೆ. ಹೇಳಬೇಕಾಗಿದ್ದು ಬೇರೆ ಇತ್ತು, ಚಪಾತಿಯ ಜೊತೆ ನುಂಗಿದೆ. ಅತ್ತೆಯ ಮೇಲೆ ಸಣ್ಣಗೆ ಸಿಟ್ಟೂ ಬಂತು. ಅವರದೇನೂ ತಪ್ಪಿಲ್ಲ ಅಂತ ಗೊತ್ತಿದ್ದರೂ.

ಆಮೇಲೆ ಹೆಂಡತಿ ಹೇಳಿದಳು: "ಡಿಪೋದಲ್ಲಿ ಅಪ್ಪ ಹೀಗೇ ಕೂಗ್ತಿದ್ರು. ನಾನು ಸ್ಕೂಲಿಂದ ಬರುವಾಗ ಕಾಂಪೌಂಡ್ ಆಚೆಗೇ ಕೇಳಿಸ್ತಿತ್ತು."

ಸಕಲೇಶಪುರ ಡಿಪೋ. ಶಿರಾಡಿ ಘಾಟಿ ಇಳಿದು ಹತ್ತುವ ಕೆಂಪು ಬಸ್ಸುಗಳು. ಆ ಮಳೆ, ಆ ಗುಂಡಿಗಳಲ್ಲಿ ಸ್ಪ್ರಿಂಗ್ ಪ್ಲೇಟು ಕಟ್ಟಾಗಿ, ನಟ್ಟುಗಳೆಲ್ಲ ತುಕ್ಕು ಕಚ್ಚಿ ಬರುತ್ತಿದ್ದವಂತೆ. ಮೂವತ್ತೊಂದು ವರ್ಷ ಮಾವ ಅವುಗಳ ಅಡಿಯಲ್ಲಿ ಮಲಗಿದ್ದಾರೆ. ನಾನು ಅವರಿಗೆ ರಟ್ಟಿನ ಮೇಲೆ ಚಿತ್ರ ಬರೆದು ಸಸ್ಪೆನ್ಷನ್ ಪಾಠ ಮಾಡಿದ್ದೆ.

ನನಗೆ ಗೊತ್ತೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. "ಮಾವ ಕೆಎಸ್‌ಆರ್‌ಟಿಸಿಯಲ್ಲಿ ಇದ್ರು" ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ. ಅಲ್ಲಿ ಏನಾಗಿದ್ದರು ಅಂತ ಒಂದು ಸಲವೂ ಕೇಳಲಿಲ್ಲ. ಮದುವೆ ಮಾತುಕತೆಯ ಹೊತ್ತಿನಲ್ಲಿ ಬಂದ ಬಯೋಡೇಟಾದಲ್ಲಿ "ಸಾರಿಗೆ ಸಂಸ್ಥೆಯಲ್ಲಿ ನೌಕರಿ" ಅಂತಷ್ಟೇ ಇತ್ತು. ನಮ್ಮ ದೊಡ್ಡಪ್ಪ "ಡಿಪೋ ಮ್ಯಾನೇಜರ್ ಇರಬೇಕು" ಅಂತ ತೀರ್ಮಾನ ಕೊಟ್ಟಿದ್ದರು. ಅವರಿಗೆ ಎಲ್ಲರೂ ಮ್ಯಾನೇಜರೇ. ನಾವು ಯಾರೂ ಬಿಡಿಸಿ ಕೇಳಲಿಲ್ಲ, ಆ ಕಡೆಯವರೂ ಬಿಡಿಸಿ ಹೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯಲ್ಲಿ ಒಂದಿಬ್ಬರು ಮುಖ ಕಿವುಚುತ್ತಿದ್ದರು, ನನಗೆ ಗೊತ್ತು. ಈಗ ನೋಡಿದರೆ ನಾನೇ ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡು ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡಿದ್ದೆ. ದೊಡ್ಡಪ್ಪನೇ "ಸೂಪರ್" ಅಂತ ಕಳಿಸಿದ್ದಾರೆ. ಅದೇ ಗ್ರೀಸು. ಒಬ್ಬರು ಸಕ್ಕರೆ ಹಾಕಿ ಉಜ್ಜಿ ತೆಗೆದು ಮನೆಗೆ ಬರುತ್ತಿದ್ದರು, ಇನ್ನೊಬ್ಬ ಎರಡು ಇಂಚಿಗೋಸ್ಕರ ದುಡ್ಡು ಕೊಟ್ಟು ಹಚ್ಚಿಕೊಳ್ಳುತ್ತಾನೆ. ಫೋಟೋದಲ್ಲಿ ಮಾವ ಇಲ್ಲ. ಕರೆದರೂ ಬರಲಿಲ್ಲ ಅಂತ ಬರೆಯೋಣ ಅಂದುಕೊಂಡೆ. ನಾನು ಕರೆಯಲಿಲ್ಲ.

ಸೋಮವಾರ ಅಲೈನ್‌ಮೆಂಟ್ ಮಾಡಿಸಿದೆ. ಮುಂದೆ ಎತ್ತರ ಆದ ಮೇಲೆ ಚಕ್ರದ ಕೋನಗಳೆಲ್ಲ ತಪ್ಪುತ್ತವೆ. ಹಾಗೇ ಓಡಿಸಿದರೆ ಟೈರು ಒಂದೇ ಕಡೆ ಸವೆಯುತ್ತದೆ. ಮಾವನೂ ಬಂದು, ಗಾಜಿನ ಆಚೆ ನಿಂತು ಅರ್ಧ ಗಂಟೆ ಕದಲದೆ ನೋಡಿದರು. ಅವತ್ತೇ ರಾತ್ರಿ ಗ್ಯಾರೇಜ್ ಬಾಗಿಲಿಗೆ ಟೇಪ್ ಅಂಟಿಸಿ, 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ತಗ್ಗಿಸಿದೆವು. ಇಲ್ಲದಿದ್ದರೆ ಎದುರಿಗೆ ಬರುವವರ ಕಣ್ಣಿಗೇ ಬೀಳುತ್ತದೆ. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನೋಡಿದಳು. "ಯಾವ ಕಡೆ ಏರಿಸಿದ್ದು?" ಅಂದಳು.

ನೂರು ಮೈಲಿ ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು. ಅದು ಹತ್ತು ನಿಮಿಷದ ಕೆಲಸ. ಅದಕ್ಕೇ ನಿನ್ನೆ ರಾತ್ರಿ ಮಾವನ ಹತ್ತಿರ, ಬರುವ ಶನಿವಾರ ಮುಂದಿನ ಬ್ರೇಕ್ ಪ್ಯಾಡನ್ನೂ ಬದಲಾಯಿಸಿಬಿಡೋಣ ಅಂದೆ. ಪ್ಯಾಡ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಚಕ್ರ ಬಿಚ್ಚಿದಾಗ ಅವರೂ ನೋಡಿದ್ದಾರೆ.

ಮಾವ ಮೊಬೈಲ್ ಕೆಳಗಿಟ್ಟರು. "ಎಷ್ಟು ಗಂಟೆಗೆ?" ಅಂದರು.