ವಿಜಯನಿಗೆ, ವಿಜಯಕ್ಕೆ: ಮನೆಮಾತಿಗೆ ವ್ಯಾಕರಣವೇಕೆ?

ಕನ್ನಡ ಬಾರದವರಿಗೆ ಹಲವು ವರ್ಷಗಳಿಂದ ಸಂಜೆಯ ಹೊತ್ತು ಕನ್ನಡ ಹೇಳಿಕೊಡುತ್ತಿರುವ ನನ್ನನ್ನು ಕನ್ನಡಿಗರೇ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಕನ್ನಡ ನಮ್ಮ ಮನೆಮಾತು, ತಪ್ಪಿಲ್ಲದೆ ಆಡುತ್ತೇವೆ; ಇನ್ನು ವ್ಯಾಕರಣ ಓದಿ ಆಗಬೇಕಾದ್ದೇನು?" ತಪ್ಪಿಲ್ಲದೆ ಆಡುತ್ತೇವೆ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ಕುತೂಹಲವೆಲ್ಲ ಇರುವುದು, ಯಾರೂ ಕಲಿಸದೆ ಅದು ನಮಗೆ ಹೇಗೆ ಬಂತು ಎಂಬುದರಲ್ಲಿ.

ಒಮ್ಮೆ ತರಗತಿಯಲ್ಲಿ ಒಬ್ಬರು, "ಬೆಂಗಳೂರಿಗೆ, ಮಡಿಕೇರಿಗೆ ಎನ್ನುವ ನೀವು ಧಾರವಾಡಕ್ಕೆ ಎನ್ನುವುದೇಕೆ?" ಎಂದು ಕೇಳಿದರು. ಅಕಾರದಲ್ಲಿ ಮುಗಿಯುವ ಪದಕ್ಕೆ ‘ಕ್ಕೆ’ ಹತ್ತುತ್ತದೆ, ಮರಕ್ಕೆ, ಹೊಲಕ್ಕೆ ಎನ್ನುವ ಹಾಗೆ, ಎಂದೆ. ಮರುಗಳಿಗೆಯಲ್ಲೇ, "ಹಾಗಾದರೆ ಹುಡುಗಕ್ಕೆ ಎನ್ನಬೇಕಲ್ಲವೇ?" ಎಂಬ ಪ್ರಶ್ನೆ ಬಂತು. ಹುಟ್ಟಿದಂದಿನಿಂದ ಹುಡುಗನಿಗೆ ಎಂದೇ ಹೇಳುತ್ತ ಬಂದ ನಾನು ಆ ಕ್ಷಣ ಉತ್ತರ ಕೊಡಲಾರದೆ ನಿಂತೆ.

ಮನೆಗೆ ಬಂದು ಯೋಚಿಸಿದಾಗ ‘ವಿಜಯ’ ಎಂಬ ಪದ ಕೈಹಿಡಿಯಿತು. ಗಂಡಸಿನ ಹೆಸರಾದರೆ ವಿಜಯನಿಗೆ, ಹೆಂಗಸಿನದಾದರೆ ವಿಜಯಳಿಗೆ, ಗೆಲುವು ಎಂಬ ಅರ್ಥವಿದ್ದರೆ ವಿಜಯಕ್ಕೆ. ಅಂದರೆ ಪ್ರತ್ಯಯ ಹಚ್ಚುವ ಮೊದಲೇ ನಮ್ಮ ನಾಲಗೆ ಪದದ ಕೊನೆಯ ಸ್ವರವನ್ನಷ್ಟೇ ಅಲ್ಲದೆ, ಹೇಳುತ್ತಿರುವುದು ಮನುಷ್ಯರನ್ನು ಕುರಿತೋ ಅಲ್ಲವೋ ಎಂಬುದನ್ನೂ ನೋಡಿಕೊಂಡಿರುತ್ತದೆ. ನಕ್ಷತ್ರಕ್ಕೆ ಎನ್ನುವವರು ಚಂದ್ರಕ್ಕೆ ಎನ್ನುವುದಿಲ್ಲ, ಚಂದ್ರನಿಗೆ ಎನ್ನುತ್ತಾರೆ. ಕನ್ನಡದ ಲೆಕ್ಕದಲ್ಲಿ ಚಂದ್ರ ಇಂದಿಗೂ ‘ಅವನು’. ಕಾಡಿನ ತೋಳಕ್ಕೆ ಹಸಿವಾಗುತ್ತದೆ, ಆದರೆ ಮಕ್ಕಳ ಕಥೆಯಲ್ಲಿ ಅದು ಮಾತಾಡತೊಡಗಿದರೆ ತೋಳನಿಗೆ ಹಸಿವಾಗುವುದುಂಟು. ಇಷ್ಟು ನವಿರಾದ ವಿವೇಚನೆಯನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಕೂಡ ಎಡವದೆ ಮಾಡುತ್ತಾಳೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇನ್ನೊಂದು ಜೋಡಿಯನ್ನು ನೋಡಿ: ಊರು ಊರಿಗೆ ಆಗುತ್ತದೆ, ಗುರು ಮಾತ್ರ ಗುರಿಗೆ ಆಗದೆ ಗುರುವಿಗೆ ಆಗುತ್ತದೆ. ಎರಡೂ ಉಕಾರಾಂತವೇ ಆದರೂ ಒಂದರ ಉಕಾರ ಬಿದ್ದುಹೋಗುತ್ತದೆ, ಇನ್ನೊಂದರದು ವಕಾರವನ್ನು ಜೊತೆಗಿಟ್ಟುಕೊಂಡು ಉಳಿಯುತ್ತದೆ. ಕಾರಣ ಹಳಗನ್ನಡದಲ್ಲಿದೆ. ಅಲ್ಲಿ ಊರ್, ಕಾಲ್, ಕಣ್ ಎಂಬ ವ್ಯಂಜನಾಂತ ರೂಪಗಳಿದ್ದವು. ಅವುಗಳ ಉಕಾರ ಆಮೇಲೆ ಸೇರಿದ್ದು, ಆದ್ದರಿಂದಲೇ ಸುಲಭವಾಗಿ ಜಾರುತ್ತದೆ. ಗುರು ಶಬ್ದದ ಉಕಾರ ಮೊದಲಿನಿಂದ ಇದ್ದದ್ದು. ಇಂಗ್ಲಿಷಿನಿಂದ ಬಂದ ಬಸ್ ಕೂಡ ಬಸ್ಸು ಆಗಿ, ಊರಿನ ದಾರಿಯನ್ನೇ ಹಿಡಿದು, ಬಸ್ಸಿಗೆ ಆಯಿತು.

ವ್ಯಾಕರಣವೆಂದರೆ ಬೇಸರಪಡುವವರನ್ನು ನಾನು ದೂರುವುದಿಲ್ಲ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ವಿಭಕ್ತಿಗಳ ಪಟ್ಟಿಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದಿತ್ತು. ಆದರೆ ಎಲೆ ಬೀಳುವುದು ಮರದಿಂದ, ಮರದ ದೆಸೆಯಿಂದ ಅಲ್ಲ. ತೃತೀಯೆಗೂ ಪಂಚಮಿಗೂ ಕನ್ನಡ ‘ಇಂದ’ ಒಂದರಲ್ಲೇ ಕೆಲಸ ಮುಗಿಸುವಾಗ, ಸಂಸ್ಕೃತದ ಏಳು ಮನೆಗಳನ್ನು ತುಂಬಿಸುವ ಸಲುವಾಗಿ ಒಂದು ರೂಪವನ್ನು ಹೊಂದಿಸಿದಂತಿದೆ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಎಂಬ ಕನ್ನಡ ವ್ಯಾಕರಣವನ್ನು ಬರೆದ ಕೇಶಿರಾಜನೂ ಸಂಸ್ಕೃತದ ಚೌಕಟ್ಟನ್ನು ಬಳಸಿದವನೇ. ಆದರೂ ಸೂತ್ರಗಳಿಗೆ ಆಧಾರವಾಗಿ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟ ಅವನ ಕ್ರಮವನ್ನು ನಾನು ಗೌರವಿಸುತ್ತೇನೆ. ಮೊದಲು ಪ್ರಯೋಗ, ಆಮೇಲೆ ಸೂತ್ರ. ಮನೆಮಾತನ್ನು ಬಲ್ಲವರು ವ್ಯಾಕರಣವನ್ನು ಓದಬೇಕಾದ್ದೂ ಹೀಗೆಯೇ, ತಮ್ಮ ಮಾತನ್ನೇ ಎದುರಿಗಿಟ್ಟುಕೊಂಡು.

ಮುಂದಿನ ವಾರ ತರಗತಿಯಲ್ಲಿ ‘ಹುಡುಗಕ್ಕೆ’ ಏಕಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳಿದೆ. ಅದನ್ನು ಕೇಳಿದ್ದವರು ಬರೆದುಕೊಂಡು, "ಸಿನಿಮಾಗೆ ಎನ್ನಬೇಕೋ, ಸಿನಿಮಾಕ್ಕೆ ಎನ್ನಬೇಕೋ?" ಎಂದರು. ಎರಡೂ ಬಳಕೆಯಲ್ಲಿವೆ, ಕನ್ನಡಿಗರು ಇನ್ನೂ ಒಂದನ್ನು ಆರಿಸಿಕೊಂಡಿಲ್ಲ ಎಂದೆ.